ಗಮನಿಸಲಾಯಿತು

ಮಗುವಾಗಿದ್ದರೆ ಇಷ್ಟು ಹೊತ್ತಿಗೆ
ಎದುರು ಮಾತಾಡುತ್ತಿತ್ತು.
ಹನ್ನೊಂದು ತುಂಬಿತು ನಮ್ಮ ದ್ವೀಪದ
ಇಪ್ಪತ್ತು ವರ್ಷದ ಯೋಜನೆಗೆ.
ಸ್ಕಾಟ್ಲೆಂಡು ಮುಗಿದ ಮೇಲೂ ಉಳಿಯುವ ನೀರಿನಲ್ಲಿ
ಹೆಲ್ಸೆ ಎಂಬ ನಮ್ಮೂರು; ಅದರ ಸಮುದಾಯ ಭವನದಲ್ಲಿ
ಇವತ್ತು ಪರಿಶೀಲನಾ ಸಭೆ.
ಹಾಜರಿದ್ದವರು ಒಂಬತ್ತು ಜನ, ಒಂದು ನಾಯಿ.
ನಾಯಿಯ ಹೆಸರು ನಡಾವಳಿಯಲ್ಲಿಲ್ಲ.

ಬರೆಯುವವಳು ನಾನು,
ಕರ್ತೃವಿಲ್ಲದ ಕ್ರಿಯಾಪದಗಳ ಗುಮಾಸ್ತೆ.
ಚರ್ಚಿಸಲಾಯಿತು, ಒಪ್ಪಲಾಯಿತು, ಮುಂದೂಡಲಾಯಿತು,
ಮತ್ತೆ ಮತ್ತೆ, ಗಮನಿಸಲಾಯಿತು.
ಯಾರು ಒಪ್ಪಿದರು, ಯಾರು ಮುಂದೂಡಿದರು,
ಯಾರ ಕಣ್ಣು ಕಿಟಕಿಯಾಚೆ ನೀರಿನ ಮೇಲಿತ್ತು,
ಎಲ್ಲರನ್ನೂ ನುಂಗಿ ಆ ಒಂದು ಪ್ರತ್ಯಯ
ಬಾಯಿ ಒರೆಸಿಕೊಳ್ಳುತ್ತದೆ.

ಪರಿಷತ್ತಿನಿಂದ ಬಂದ ಅಧಿಕಾರಿ ಫರ್ಗಸ್ ಪಿರಿ,
ಇನ್ನೂ ಹುಡುಗ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡವನು,
ಗೋಡೆಗೆ ಪಟ್ಟಿ ಅಂಟಿಸಿದ.
ಮುಗಿದದ್ದಕ್ಕೆ ಹಸಿರು ಚುಕ್ಕೆ, ನಡೆಯುತ್ತಿರುವುದಕ್ಕೆ ಹಳದಿ,
ಆಗದ್ದಕ್ಕೆ ಕೆಂಪು.
ಅವನ ಹಾಳೆಯಲ್ಲಿ ಹಸಿರು ಬಹಳ ಉಳಿದಿತ್ತು.

ಶಾಲೆಯ ಚಾವಣಿ: ಹಸಿರು.
ಚಾವಣಿ ಏರಿತು, ಮಕ್ಕಳು ಏಳರಿಂದ ಮೂರಕ್ಕಿಳಿದರು.
ಅದು ಬೇರೆ ಅಂಶ.
ಗಾಳಿಯಂತ್ರ: ಹಸಿರು. ಅದರ ಆದಾಯದ ಹಂಚಿಕೆ
ಆರು ವರ್ಷದಿಂದ ಅದೇ ಹಳದಿ, ಹಳೇ ಕಾಗದದ ಹಾಗೆ.
ನರ್ಸಿಗೆ ಮನೆ: ಮನೆ ಆಯಿತು, ನರ್ಸು ಬರಲಿಲ್ಲ.
ಯಾವ ಬಣ್ಣವೆಂದು ಕಾಲು ಗಂಟೆ ಜಗಳ.
ಕೊನೆಗೆ ಆಯ್ಲ್ಸಾ ಫ್ಲೆಟ್ ಎದ್ದು, ಕತ್ತರಿ ತೆಗೆದು,
ಅರ್ಧ ಹಸಿರಿಗೆ ಅರ್ಧ ಕೆಂಪು ಕೂಡಿಸಿದಳು.
ಕುರಿಗಳ ಕಿವಿಗೆ ಗುರುತು ಹಾಕಿ ಪಳಗಿದ ಕೈ.

ಆಮೇಲೆ ಹದಿನೇಳನೆಯದು:
ಹಡಗುಕಟ್ಟೆಯ ತುದಿಗೆ ಒಂದು ದೀಪ.

ಕೇಳಿದ್ದು ಜೆಮೀಮಾ ಐಸ್‌ಬಿಸ್ಟರ್, ಮೊದಲ ಸಭೆಯಲ್ಲಿ,
ಕೋಟು ಕೂಡ ಬಿಚ್ಚದೆ:
"ದೊಡ್ಡದೇನೂ ಬೇಡ. ಕಾಲಿಡುವ ಕಲ್ಲು ಕಾಣಬೇಕು."
ಅದನ್ನು "ಸಂಚಾರ ಮೂಲಸೌಕರ್ಯದ ಸುಧಾರಣೆ" ಎಂದು
ಬರೆದುಕೊಂಡವಳು ನಾನೇ.
ನಾಲ್ಕನೇ ವರ್ಷ ಸಮೀಕ್ಷೆ. ಆರರಲ್ಲಿ ಟೆಂಡರು.
ಎಂಟರಲ್ಲಿ ಜೆಮೀಮಾ ಹೋದರು.
ಒಂಬತ್ತರಲ್ಲಿ ಕಂಬ ಬಂತು, ದೀಪವಿಲ್ಲದೆ.
ಕಡಲಹಕ್ಕಿಗಳು ಕೂಡಲೇ ಬಳಕೆಗೆ ತಂದವು.

"ಹಾಗಾದರೆ ಚಳಿಗಾಲದಲ್ಲಿ?" ಹುಡುಗ ಕೇಳಿದ.
ಮೂರೂವರೆಗೇ ಕತ್ತಲಾಗುವ ಊರು,
ನಾಲ್ಕೂಮುಕ್ಕಾಲಿಗೆ ಹಡಗು.
ಯಾರೂ ಮಾತಾಡಲಿಲ್ಲ. ಕೆಟಲ್ ಒಂದೇ ಕುದಿಯಿತು.
ಅಧ್ಯಕ್ಷ ಸಿಗರ್ಡ್ ಡ್ರೆವರ್ ಕೆಮ್ಮಿ,
"ಟ್ರ್ಯಾಕ್ಟರು" ಎಂದರು.

ಸರದಿಯ ಚೀಟಿ ಅಂಗಡಿ ಬಾಗಿಲಲ್ಲಿದೆ.
ಒಬ್ಬೊಬ್ಬರಿಗೆ ಒಂದೊಂದು ಸಂಜೆ.
ಟ್ರ್ಯಾಕ್ಟರಿನ ಮೂತಿ ಕಟ್ಟೆಗೆ ತಿರುಗಿಸಿ
ಹಗ್ಗ ಬಿಗಿಯುವ ತನಕ, ಕೊನೆಯವರು ಇಳಿಯುವ ತನಕ,
ಹತ್ತುವವರು ಹತ್ತುವ ತನಕ
ದೀಪ ಉರಿಸಿಕೊಂಡು ಕೂರುವುದು.
ಡೀಸೆಲ್ ಅವರವರದೇ.
ಹನ್ನೊಂದು ಚಳಿಗಾಲದಲ್ಲಿ ತಪ್ಪಿದ್ದು ಒಂದೇ ಸಂಜೆ,
ಅದರ ಮಾತು ಇವತ್ತು ಬೇಡ.

ಹುಡುಗನ ಮುಖ ಅರಳಿತು.
"ಸಮುದಾಯವೇ ಕಂಡುಕೊಂಡ ಪರಿಹಾರ! ಇದು ಹಸಿರು!"
ಚುಕ್ಕೆ ಕಿತ್ತು ಬೆರಳ ತುದಿಗೆ ಅಂಟಿಸಿಕೊಂಡ.
ಸಿಗರ್ಡ್ ಆ ಬೆರಳನ್ನು ಮೆಲ್ಲಗೆ ಹಿಡಿದರು,
ಕರುವಿನ ಮೂತಿ ಹಿಡಿಯುವ ಹಾಗೆ.
"ಬೇಡಪ್ಪ. ನೀನು ಹಸಿರು ಅಂಟಿಸಿದರೆ
ಅಲ್ಲಿ ದೀಪ ಬಂದುಬಿಟ್ಟ ಹಾಗೆ.
ನಮ್ಮದು ಕೆಂಪಾಗಿಯೇ ಇರಲಿ."

ಬರೆದೆ: ಕೆಂಪು. ಗಮನಿಸಲಾಯಿತು.

ನಾಲ್ಕೂವರೆಗೆ ಸಭೆ ಮುಗಿಸಲೇಬೇಕಿತ್ತು,
ಹುಡುಗನಿಗೆ ಹಡಗು, ನನಗೆ ಸರದಿ.
ಗಾಜಿಗೆ ಉಪ್ಪು ಕಟ್ಟಿತ್ತು, ತೋಳಿನಿಂದ ಒರೆಸಿದೆ.
ಬೆಳಕು ಬಿಟ್ಟಾಗ ಒದ್ದೆ ಕಲ್ಲುಗಳು
ಒಂದೊಂದಾಗಿ ಎದ್ದು ನಿಂತವು.
ಪಟ್ಟಿಯ ಸುರುಳಿ ಕಂಕುಳಲ್ಲಿಟ್ಟು ಅವನು
ಕಲ್ಲಿನಿಂದ ಕಲ್ಲಿಗೆ ಹೋದ,
ತುದಿಯಲ್ಲಿ ತಿರುಗಿ ಕೈ ಎತ್ತಿದ
ಕಣ್ಣು ಕುಕ್ಕುವ ಬೆಳಕಿಗೆ,
ಹಿಂದೆ ಯಾರಿದ್ದಾರೆಂದು ಕಾಣದೆ.

ಬೆಳಕು ಹಿಡಿಯಲಾಯಿತು
ಎಂದು ಬರೆಯಲೂಬಹುದು.
ಮುಳ್ಳು ಕೆಳಗಿಳಿದಿದೆ, ಡೀಸೆಲ್ ತುಂಬಿಸಬೇಕು.
ನಾಳೆ ಆಯ್ಲ್ಸಾಳ ಸರದಿ.